ಹಾಫ್-ಆರ್ಕ್ ಕೈಗೆ ಮಂತ್ರದ ಪುಸ್ತಕ ಕೊಡಬಹುದಾ? ರೇಸ್–ಕ್ಲಾಸ್ ಜೋಡಿ ಬಗ್ಗೆ ಆಡಿದವರು ಹೇಳಿ

ಕೇಳಿದ್ದು

ಡಿ ಆ್ಯಂಡ್ ಡಿ (ಡಂಜನ್ಸ್ ಆ್ಯಂಡ್ ಡ್ರ್ಯಾಗನ್ಸ್, ದಾಳ ಉರುಳಿಸ್ತಾ ಕಥೆಯ ಪಾತ್ರವಾಗಿ ಆಡೋ ಆಟ) ಐದನೇ ಆವೃತ್ತಿ, ಮೊದಲ ಸಲ ಆಡೋಕೆ ಕೂರ್ತಿದೀನಿ. ರೇಸ್ (ಪಾತ್ರದ ಕುಲ) ಹಾಫ್-ಆರ್ಕ್, ಕ್ಲಾಸ್ (ಪಾತ್ರದ ಕಸುಬು) ವಿಝರ್ಡ್ ಅಂದ್ರೆ ಮಂತ್ರವಾದಿ, ಹೀಗೆ ಆಡಬೇಕು ಅಂತ ಆಸೆ. ಜೊತೆಗೆ ಆಡೋ ಇಬ್ಬರು, "ಹಾಫ್-ಆರ್ಕ್ ಅಂದ್ರೆ ಬಾರ್ಬೇರಿಯನ್ (ಮುನ್ನುಗ್ಗಿ ಹೊಡೆಯೋ ಯೋಧ). ವಿಝರ್ಡ್ ಬೇಕು ಅಂದ್ರೆ ಹೈ ಎಲ್ಫೋ ನೋಮೋ ತಗೋ, ಇಲ್ಲಾಂದ್ರೆ ನಿನ್ನನ್ನ ನಾವು ಹೊತ್ಕೊಂಡು ತಿರುಗಬೇಕಾಗುತ್ತೆ" ಅಂತಿದಾರೆ. ಇಂಟೆಲಿಜೆನ್ಸ್, ಸ್ಟ್ರೆಂತ್ ಥರದ ಸಾಮರ್ಥ್ಯಗಳಿಗೆ ಅಂಕ ಹಂಚಿಕೊಳ್ಳೋದು 27 ಪಾಯಿಂಟ್ ಲೆಕ್ಕದಲ್ಲಿ. ಹೊಂದದ ಜೋಡಿ ಆಡಿ ನೋಡಿದವರಿದ್ರೆ ನಿಜಕ್ಕೂ ಏನಾಯ್ತು ಹೇಳಿ.

ಕೋರೆಹಲ್ಲಿನ ಮೇಷ್ಟ್ರು

ನೀವು ಕೇಳಿದ ಜೋಡಿಯನ್ನೇ ಆಡಿದೀನಿ, ಆರನೇ ಲೆವೆಲ್‌ವರೆಗೆ. ಮೊದಲು ನಷ್ಟ ಹೇಳ್ತೀನಿ, ಮುಚ್ಚಿಟ್ಟು ಪ್ರಯೋಜನ ಇಲ್ಲ.

27 ಪಾಯಿಂಟ್‌ನಲ್ಲಿ ಇಂಟೆಲಿಜೆನ್ಸ್ 15ರವರೆಗೆ ಕೊಳ್ಳಬಹುದು. ಹೈ ಎಲ್ಫ್‌ಗೆ ಅದರ ಮೇಲೆ ರೇಸ್ ಕೊಡೋ ಒಂದು ಸೇರಿ 16 ಆಗುತ್ತೆ, ನಮಗೆ 15ಕ್ಕೇ ನಿಲ್ಲುತ್ತೆ. ಅಂದ್ರೆ ದಾಳಕ್ಕೆ ಕೂಡಿಸೋ ಬೋನಸ್ ಅವರಿಗೆ +3, ನಮಗೆ +2. ದಾಳದ ಲೆಕ್ಕದಲ್ಲಿ ಇದು 20 ಸಲ ಉರುಳಿಸಿದ್ರೆ ಒಂದು ಸಲ ಕಾಣೋ ವ್ಯತ್ಯಾಸ. ಆದ್ರೆ ನನಗೆ ನಿಜವಾಗಿ ಚುಚ್ಚಿದ್ದು ಅದಲ್ಲ. ವಿಝರ್ಡ್ ದಿನಕ್ಕೆ ಸಿದ್ಧ ಮಾಡ್ಕೊಳ್ಳೋ ಮಂತ್ರಗಳ ಸಂಖ್ಯೆ ಲೆವೆಲ್ ಜೊತೆ ಇಂಟೆಲಿಜೆನ್ಸ್ ಬೋನಸ್ ಕೂಡಿಸಿದಷ್ಟು. ಮೊದಲ ಲೆವೆಲ್‌ನಲ್ಲಿ ಅವರಿಗೆ ನಾಲ್ಕು, ನಮಗೆ ಮೂರು. ಆ ಒಂದು ಮಂತ್ರಕ್ಕಾಗಿ ಎಷ್ಟು ಸಲ ಕೈ ಕೈ ಹಿಸುಕಿಕೊಂಡಿದೀನೋ ಲೆಕ್ಕ ಇಲ್ಲ.

ಈಗ ಲಾಭ. ದೇಹದ ಗಟ್ಟಿತನ ಅಳೆಯೋ ಕಾನ್‌ಸ್ಟಿಟ್ಯೂಷನ್‌ಗೂ 15 ಹಾಕಿದ್ದೆ, ರೇಸ್‌ನ ಒಂದು ಸೇರಿ 16. ಮೂರನೇ ಲೆವೆಲ್‌ನಲ್ಲಿ ಒಂದು ಗುಹೆ. ವೆಬ್ ಮಂತ್ರ ಹಾಕಿ ಆರೇಳು ಗಾಬ್ಲಿನ್‌ಗಳನ್ನ ಬಲೆಯಲ್ಲಿ ಕೆಡವಿದ್ದೆ. ವೆಬ್‌ಗೆ ಏಕಾಗ್ರತೆ ಬೇಕು, ನಾನು ಬಿದ್ರೆ ಬಲೆ ಮಾಯ. ನನ್ನ ಹತ್ರ ಉಳಿದಿದ್ದು 9 ಹಿಟ್ ಪಾಯಿಂಟ್ (ಜೀವದ ಲೆಕ್ಕ). ಪಕ್ಕದ ಕವಲಿನಿಂದ ಒಂದು ಓಗರ್ ಬಂದು ದೊಣ್ಣೆ ಬೀಸಿತು, ಹೊಡೆತ 13. ಎಲ್ಫ್ ಆಗಿದ್ರೆ ಅಲ್ಲೇ ಮಲಗ್ತಿದ್ದೆ, ಗಾಬ್ಲಿನ್‌ಗಳೆಲ್ಲ ಬಿಡುಗಡೆ. ಹಾಫ್-ಆರ್ಕ್‌ಗೆ 'ರಿಲೆಂಟ್‌ಲೆಸ್ ಎಂಡ್ಯೂರೆನ್ಸ್' ಇದೆ: ಸೊನ್ನೆಗೆ ಇಳಿಯೋ ಹೊಡೆತ ಬಿದ್ರೆ, ದೀರ್ಘ ವಿಶ್ರಾಂತಿಗೆ ಒಂದು ಸಲ, 1ಕ್ಕೆ ನಿಲ್ಲಬಹುದು. ನಿಂತೆ. ಆಮೇಲೆ ಏಕಾಗ್ರತೆ ಉಳಿಸ್ಕೊಳ್ಳೋಕೆ 10 ಮುಟ್ಟಬೇಕು. ದಾಳದಲ್ಲಿ 8 ಬಿತ್ತು, ನನ್ನ +3 ಸೇರಿ 11. ಬಲೆ ಹಾಗೇ ಉಳೀತು. ಡಿಎಂ (ಆಟ ನಡೆಸೋರು) ಎರಡು ನಿಮಿಷ ಮಾತಾಡ್ಲಿಲ್ಲ.

ಹಾಗಂತ ಹಾಫ್-ಆರ್ಕ್‌ನ ಇನ್ನೊಂದು ಗುಣ 'ಸ್ಯಾವೇಜ್ ಅಟ್ಯಾಕ್ಸ್' ನೆಚ್ಚಿಕೊಳ್ಳಬೇಡಿ. ಅದು ಕೈಯಲ್ಲಿ ಆಯುಧ ಹಿಡಿದು ಹತ್ತಿರದಿಂದ ಹೊಡೆದಾಗ ಮಾತ್ರ, ಮಂತ್ರಕ್ಕೆ ಲೆಕ್ಕಕ್ಕಿಲ್ಲ.

ಮಾಂಕ್ ಆಡಿ ಕೈ ಸುಟ್ಕೊಂಡವ

ಮೇಷ್ಟ್ರ ಮಾತು ವಿಝರ್ಡ್‌ಗೆ ಸರಿ. ಯಾಕಂದ್ರೆ ವಿಝರ್ಡ್‌ಗೆ ಮುಖ್ಯ ಅಂಕ ಒಂದೇ. ಎಲ್ಲ ಕ್ಲಾಸ್‌ಗೂ ಇದನ್ನೇ ಹೇಳಬೇಡಿ ಮಾರಾಯ್ರೆ.

ನಾನು ಐದನೇ ಆವೃತ್ತಿಯ 2014ರ ನಿಯಮದಲ್ಲಿ ಡ್ರ್ಯಾಗನ್‌ಬಾರ್ನ್ ಮಾಂಕ್ ಆಡಿದೆ. ಬೆಂಕಿ ಉಗುಳೋ ಸನ್ಯಾಸಿ, ಕೇಳೋಕೆ ಎಷ್ಟು ಚೆಂದ! ಮಾಂಕ್‌ಗೆ ಡೆಕ್ಸ್ಟೆರಿಟಿ (ಚುರುಕುತನ), ವಿಸ್ಡಮ್ ಎರಡೂ ಬೇಕು, ರಕ್ಷಣೆ ನಿಂತಿರೋದೇ ಅವೆರಡರ ಮೇಲೆ. ಡ್ರ್ಯಾಗನ್‌ಬಾರ್ನ್ ಕೊಡೋದು ಸ್ಟ್ರೆಂತ್ ಮತ್ತೆ ಕರಿಸ್ಮಾ. ಎರಡಕ್ಕೂ 15 ಸುರಿದ್ರೂ ನನ್ನ ಆರ್ಮರ್ ಕ್ಲಾಸ್ (ರಕ್ಷಣೆಯ ಅಂಕ) 14. ಅದೇ ಪಾಯಿಂಟ್‌ನಲ್ಲಿ ವುಡ್ ಎಲ್ಫ್ ಮಾಂಕ್‌ಗೆ ಡೆಕ್ಸ್ 17, ವಿಸ್ಡಮ್ 16, ಆರ್ಮರ್ ಕ್ಲಾಸ್ 16. ಮುಂದೆ ನಿಂತು ಏಟು ತಿನ್ನೋನಿಗೆ ಎರಡಂಕ ಅಂದ್ರೆ ತಮಾಷೆ ಅಲ್ಲ.

ಹೋಗಲಿ, ಬೆಂಕಿನಾದ್ರೂ ಉಗುಳೋಣ ಅಂದ್ರೆ ಅದಕ್ಕೆ ಇಡೀ ಆ್ಯಕ್ಷನ್ ಖರ್ಚು. ಮಾಂಕ್‌ನ 'ಫ್ಲರಿ ಆಫ್ ಬ್ಲೋಸ್' (ಸರಸರನೆ ಹೆಚ್ಚುವರಿ ಏಟು) ಬರೋದು ಅಟ್ಯಾಕ್ ಆ್ಯಕ್ಷನ್ ಮಾಡಿದ ಬೆನ್ನಿಗೆ. ಬೆಂಕಿ ಉಗುಳಿದ್ರೆ ಫ್ಲರಿ ಇಲ್ಲ, ಫ್ಲರಿ ಬೇಕು ಅಂದ್ರೆ ಬೆಂಕಿ ಇಲ್ಲ. ಅಂಕಗಳಿಗಿಂತ ಇದೇ ಹೆಚ್ಚು ಉರಿಸಿದ್ದು: ರೇಸ್ ಕೊಟ್ಟಿದ್ದನ್ನೂ ಕ್ಲಾಸ್ ಕೊಟ್ಟಿದ್ದನ್ನೂ ಒಂದೇ ಸರದಿಯಲ್ಲಿ ಬಳಸೋಕೆ ಆಗ್ತಿರಲಿಲ್ಲ. 2024ರ ಪುಸ್ತಕದಲ್ಲಿ ಇದನ್ನ ಸರಿ ಮಾಡಿದಾರೆ, ಒಂದು ಏಟಿನ ಬದಲಿಗೆ ಉಗುಳಬಹುದು. ನನ್ನ ಮಾಂಕ್ ಅಷ್ಟರಲ್ಲಿ ಸ್ವರ್ಗಸ್ಥ.

ಕೊಡಲಿ ಹಿಡಿದ ಹಾಫ್‌ಲಿಂಗ್

ಹಾಫ್‌ಲಿಂಗ್ ಬಾರ್ಬೇರಿಯನ್. ಚಿಕ್ಕ ಗಾತ್ರದವರು 2014ರ ನಿಯಮದಲ್ಲಿ ಭಾರೀ ಆಯುಧ ಬೀಸಿದ್ರೆ ಎರಡು ದಾಳ ಹಾಕಿ ಕಡಿಮೆ ಬಿದ್ದಿದ್ದನ್ನ ತಗೋಬೇಕು. ಬಾರ್ಬೇರಿಯನ್‌ಗೆ ಎರಡನೇ ಲೆವೆಲ್‌ನಲ್ಲಿ ಬರೋ 'ರೆಕ್‌ಲೆಸ್ ಅಟ್ಯಾಕ್' ಹೆಚ್ಚಿಂದನ್ನ ತಗೋ ಅನ್ನುತ್ತೆ. ಎರಡೂ ಸೇರಿ ವಜಾ, ಒಂದೇ ದಾಳ. ಅಷ್ಟೆಲ್ಲ ಸರ್ಕಸ್ ಮಾಡಿ ಬೇರೆಯವರು ಸುಮ್ನೆ ನಿಂತಿರೋ ಜಾಗಕ್ಕೆ ಬಂದೆ. ಆದ್ರೆ 1 ಬಿದ್ರೆ ಮತ್ತೆ ಉರುಳಿಸೋ ಹಾಫ್‌ಲಿಂಗ್ ಅದೃಷ್ಟ ಇದೆಯಲ್ಲ, ಅದು ಯಾವ ಕ್ಲಾಸ್‌ಗಾದ್ರೂ ಕೂರುತ್ತೆ.

ಹಳೇ ದಾಳದ ಡಬ್ಬಿ

ನಿಮ್ಮ ಸ್ನೇಹಿತರು ಹೇಳ್ತಿರೋದು ಅವರ ಸ್ವಂತ ಮಾತಲ್ಲ, ಆಟದ ಹಳೇ ಕಾನೂನಿನ ಪಳೆಯುಳಿಕೆ. 1974ರ ಮೊದಲ ಡಬ್ಬಿಯಲ್ಲಿ ಡ್ವಾರ್ಫ್ ಆದವನು ಫೈಟಿಂಗ್-ಮ್ಯಾನ್ (ಯೋಧ) ಮಾತ್ರ ಆಗಬಹುದಿತ್ತು, ಅದೂ ಆರನೇ ಲೆವೆಲ್‌ವರೆಗೆ. ಹಾಫ್‌ಲಿಂಗ್‌ಗೆ ನಾಲ್ಕಕ್ಕೇ ಬಾಗಿಲು. 1978ರ ಅಡ್ವಾನ್ಸ್‌ಡ್ ಪುಸ್ತಕದಲ್ಲಿ ಹಾಫ್-ಆರ್ಕ್ ಇದ್ದ, ಆದ್ರೆ ಮ್ಯಾಜಿಕ್-ಯೂಸರ್ (ಆಗಿನ ವಿಝರ್ಡ್) ಆಗೋ ಹಾಗಿರಲಿಲ್ಲ. 1981ರ ಬೇಸಿಕ್‌ನಲ್ಲಿ 'ಎಲ್ಫ್' ಅನ್ನೋದೇ ಒಂದು ಕ್ಲಾಸ್. 2000ದ ಮೂರನೇ ಆವೃತ್ತಿ ಬಾಗಿಲು ತೆರೀತು, ಆದ್ರೆ ಹಾಫ್-ಆರ್ಕ್‌ನ ಇಂಟೆಲಿಜೆನ್ಸ್‌ನಲ್ಲಿ ಎರಡಂಕ ಕಿತ್ಕೊಂಡೇ ಒಳಗೆ ಬಿಟ್ಟಿತು. ಐದನೇ ಆವೃತ್ತಿಯಲ್ಲಿ ನಿಮಗೆ ಆ ಶಿಕ್ಷೆ ಇಲ್ಲ, ಬಹುಮಾನ ಇಲ್ಲ ಅಷ್ಟೇ.

ಮುಖ್ಯವಾಗಿ ಡಿಎಂಗೆ ಒಂದು ಪ್ರಶ್ನೆ ಕೇಳಿ: ಯಾವ ಪುಸ್ತಕ? 2020ರ ಟಾಶಾ ಪುಸ್ತಕದ ಐಚ್ಛಿಕ ನಿಯಮಕ್ಕೆ ಒಪ್ಪಿದ್ರೆ ರೇಸ್‌ನ ಅಂಕಗಳನ್ನ ಬೇಕಾದ ಕಡೆ ಹಾಕಿಕೊಳ್ಳಬಹುದು, ಈ ಚರ್ಚೆಯೇ ಮುಗೀತು. 2024ರ ಪುಸ್ತಕ ಆದ್ರೆ ಅಂಕ ಬರೋದು ಪಾತ್ರದ ಹಿನ್ನೆಲೆ, ಅಂದ್ರೆ ಬ್ಯಾಕ್‌ಗ್ರೌಂಡ್‌ನಿಂದ. ರೇಸ್ ಅನ್ನೋ ಪದವೇ ಹೋಗಿ ಸ್ಪೀಷೀಸ್ ಆಗಿದೆ. ಅಲ್ಲಿ ಹಾಫ್-ಆರ್ಕ್ ಇಲ್ಲ, ಆರ್ಕ್ ಇದಾನೆ. ಬೀಳದೆ ನಿಲ್ಲೋ ಗುಣ ಅವನಿಗೂ ಇದೆ. ಸೇಜ್ ಬ್ಯಾಕ್‌ಗ್ರೌಂಡ್ ತಗೊಂಡ್ರೆ ಇಂಟೆಲಿಜೆನ್ಸ್‌ಗೆ ಎರಡು, ಕಾನ್‌ಸ್ಟಿಟ್ಯೂಷನ್‌ಗೆ ಒಂದು.

ಗಡ್ಡದ ಮಂತ್ರವಾದಿ

ಮಾಂಕ್ ಅಣ್ಣ ಹೇಳಿದ್ದರ ಇನ್ನೊಂದು ಮಗ್ಗುಲು. ಕ್ಲಾಸ್ ಈಗಾಗಲೇ ಕೊಡೋದನ್ನೇ ರೇಸ್‌ನಿಂದ ಇನ್ನೊಂದು ಸಲ ತಗೊಂಡ್ರೆ ದಂಡ. ಮೌಂಟನ್ ಡ್ವಾರ್ಫ್‌ಗೆ ಮಧ್ಯಮ ಕವಚ ತೊಡೋ ತರಬೇತಿ ಹುಟ್ಟಿನಿಂದ ಬರುತ್ತೆ. ಡ್ವಾರ್ಫ್ ಫೈಟರ್ ಅಂತ ಎಲ್ಲರೂ ಕಣ್ಣು ಮುಚ್ಚಿ ಆರಿಸ್ತಾರೆ, ಫೈಟರ್‌ಗೆ ಎಲ್ಲ ಕವಚವೂ ಮೊದಲೇ ಬರುತ್ತೆ, ಆ ಉಡುಗೊರೆ ಮೂಲೆಗೆ. ಅದೇ ಡ್ವಾರ್ಫ್‌ನ ವಿಝರ್ಡ್ ಮಾಡಿದೆ. ಬ್ರೆಸ್ಟ್‌ಪ್ಲೇಟ್ ಹಾಕ್ಕೊಂಡು ಆರ್ಮರ್ ಕ್ಲಾಸ್ 16, ಮೇಜ್ ಆರ್ಮರ್‌ಗೆ (ಮೈ ಕಾಯೋ ಮಂತ್ರ) ಸ್ಲಾಟ್, ಅಂದ್ರೆ ದಿನಕ್ಕಿಷ್ಟೇ ಅಂತ ಸಿಗೋ ಮಂತ್ರದ ಅವಕಾಶ, ಖರ್ಚಿಲ್ಲ. ತರಬೇತಿ ಇದ್ರೆ ಕವಚ ತೊಟ್ಟೂ ಮಂತ್ರ ಹಾಕಬಹುದು, ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಇಂಟೆಲಿಜೆನ್ಸ್‌ಗೆ ಏನೂ ಬರಲ್ಲ, ಬರದಿದ್ರೆ ಬೇಡ.

ನೋಮ್ ಕೂಡ ವಿಝರ್ಡ್‌ಗಿಂತ ಬಾರ್ಬೇರಿಯನ್‌ಗೇ ಹೆಚ್ಚು ಅಗತ್ಯ ಅನ್ಸುತ್ತೆ ನನಗೆ. ಮನಸ್ಸಿನ ಮೇಲೆ ಬೀಳೋ ಮಂತ್ರಕ್ಕೆ ಎರಡು ದಾಳ ಹಾಕೋ ಭಾಗ್ಯ ಬೇಕಾಗಿರೋದು ವಿಸ್ಡಮ್ ಇಲ್ಲದ ಗೂಳಿಗೇ ತಾನೆ? ಕೊಡಲಿ ಮಾತ್ರ ಚಿಕ್ಕದು ಹಿಡೀಬೇಕು.

ಕಂಪ್ಯೂಟರ್‌ನಲ್ಲಿ ಮಾತ್ರ ಆಡೋದು

ಬಾಲ್ಡರ್ಸ್ ಗೇಟ್ 3 ಅನ್ನೋ ಡಿ ಆ್ಯಂಡ್ ಡಿ ವಿಡಿಯೋ ಗೇಮ್‌ನಲ್ಲಿ ಮೊದಲು ಆಡಿ ನೋಡ್ತೀರಾ? ಅಲ್ಲಿ +2, +1 ಯಾವ ರೇಸ್‌ಗಾದ್ರೂ ಬೇಕಾದ ಕಡೆ. ಶಿಬಿರಕ್ಕೆ ಬರೋ ಪಾತ್ರ ವಿದರ್ಸ್‌ಗೆ 100 ಚಿನ್ನ ಕೊಟ್ರೆ ಕ್ಲಾಸೂ ಅಂಕವೂ ಬದಲಾಗುತ್ತೆ, ರೇಸ್ ಬದಲಾಗಲ್ಲ. ಅದಕ್ಕೆ ಅಲ್ಲಿ ರೇಸ್ ಆರಿಸುವಾಗ ಕ್ಲಾಸ್ ಬಗ್ಗೆ ಯೋಚಿಸೋದೇ ಬಿಟ್ಟಿದೀನಿ, ಐವತ್ತು ಗಂಟೆ ನೋಡ್ತಾ ಕೂರೋ ಮುಖ ಯಾವುದು ಅಂತ ಮಾತ್ರ. (ಆ 100 ಚಿನ್ನ ವಿದರ್ಸ್ ಜೇಬಿನಿಂದಲೇ ವಾಪಸ್ ಕದೀಬಹುದು. ನಾನು ಹೇಳಿದೆ ಅನ್ನಬೇಡಿ.)

ಡಿಎಂ ಕುರ್ಚಿಯಿಂದ

ಎಲ್ಲರೂ ಅಂಕದ ಬಗ್ಗೆ ಹೇಳಿದ್ರು. ನನ್ನ ಟೇಬಲ್‌ನಲ್ಲಿ ಹೊಂದದ ಜೋಡಿ ಕೆಟ್ಟಿದ್ದು ಅಂಕದಿಂದ ಅಲ್ಲ. "ಓದೋ ಆರ್ಕ್, ಹ್ಹಹ್ಹ" ಅನ್ನೋ ಒಂದೇ ಜೋಕ್ ಇಟ್ಕೊಂಡು ಬಂದವರು ಮೂರನೇ ಸೆಷನ್‌ಗೆ ಖಾಲಿ. ಆ ಮಂತ್ರದ ಪುಸ್ತಕ ಅವನ ಕೈಗೆ ಎಲ್ಲಿಂದ ಬಂತು? ಯಾರು ಓದೋಕೆ ಕಲಿಸಿದ್ರು, ಕಲಿಸಿದವರು ಈಗೆಲ್ಲಿ? ಇಷ್ಟು ಬರ್ಕೊಂಡು ನಿಮ್ಮ ಡಿಎಂಗೆ ಕೊಡಿ, ಮಿಕ್ಕಿದ್ದು ಅವರು ಹೆಣೀತಾರೆ.

ಕೇಳಿದ್ದವರು ಮತ್ತೆ

ಡಿಎಂನ ಕೇಳಿದೆ. 2014ರ ಪುಸ್ತಕ, ಟಾಶಾ ಇಲ್ಲ. ಶೀಟ್ ಬರೆದೇ ಬಿಟ್ಟೆ: ಇಂಟೆಲಿಜೆನ್ಸ್ 15, ಕಾನ್‌ಸ್ಟಿಟ್ಯೂಷನ್ 16, ಡೆಕ್ಸ್ 14, ಸ್ಟ್ರೆಂತ್ ಮತ್ತೆ ವಿಸ್ಡಮ್ 10, ಕರಿಸ್ಮಾ 8. ಹಿಟ್ ಪಾಯಿಂಟ್ 9. ಪುಸ್ತಕ ಅವನ ಅಮ್ಮ ಕಾವಲಿದ್ದ ಗೋಪುರದಿಂದ ಕದ್ದದ್ದು, ಅದರ ಯಜಮಾನ ಇನ್ನೂ ಹುಡುಕ್ತಿದಾನೆ. ವೆಬ್ ಸಿಗೋದು ಮೂರನೇ ಲೆವೆಲ್‌ಗೆ ಅಲ್ವಾ, ಅಲ್ಲಿವರೆಗೆ ಸ್ಲೀಪ್, ಶೀಲ್ಡ್, ಮೇಜ್ ಆರ್ಮರ್ ಮೂರೂ ಸಿದ್ಧ ಮಾಡ್ಕೊಂಡು ಹೋಗ್ತೀನಿ.

ಕೋರೆಹಲ್ಲಿನ ಮೇಷ್ಟ್ರು

ಸರಿಯಾಗಿದೆ. ಎದುರಿಗೆ ಎಲ್ಫ್ ಇದ್ರೆ ಮಾತ್ರ ಸ್ಲೀಪ್ ಹಾಕಬೇಡಿ, ಅವರು ಮಂತ್ರಕ್ಕೆ ನಿದ್ದೆ ಮಾಡಲ್ಲ. ಆ ಗೋಪುರದ ಯಜಮಾನ ಎಲ್ಫೇ ಆಗಿರ್ತಾನೆ, ನೋಡ್ತಾ ಇರಿ.