ತಣ್ಣನೆ ಬೀನ್ಸ್ ಸಾಲಡ್ ಮಾಸಲಾಗುತ್ತೆ, ಏನು ಮಾಡೋದು?

ಪ್ರಶ್ನೆ:
ಬೀನ್ಸ್ ಬೇಯಿಸಿ, ಈರುಳ್ಳಿ, ಎಣ್ಣೆ, ನಿಂಬೆರಸ ಕಲಸಿ ಫ್ರಿಜ್‌ನಲ್ಲಿ ಇಡುತ್ತೇನೆ. ಊಟದ ಹೊತ್ತಿಗೆ ಹಸಿರು ಹೋಗಿ ಮಾಸಲು ಬಣ್ಣ ಬಂದಿರುತ್ತದೆ, ತಳದಲ್ಲಿ ನೀರು ಬೇರೆ. ಹಸಿಯಾಗಿಯೇ ಹಾಕಿಬಿಡಲಾ?

ಉತ್ತರ 1:
ಹಸಿ ಬೇಡ. ಅದರಲ್ಲಿ ಲೆಕ್ಟಿನ್ ಅನ್ನುವ ಪ್ರೋಟೀನ್ ಇರುತ್ತದೆ, ಜಾಸ್ತಿ ತಿಂದರೆ ಹೊಟ್ಟೆ ಕೆಡಬಹುದು. ಬಣ್ಣ ಕೆಡಿಸುವುದು ನಿಂಬೆಹುಳಿ. ಹುಳಿ ತಾಗಿದರೆ ಹಸಿರು ಬಣ್ಣ ಕೊಡುವ ಕ್ಲೋರೋಫಿಲ್‌ನಲ್ಲಿರುವ ಮೆಗ್ನೀಸಿಯಂ ಕಳಚಿಕೊಂಡು ಹಸಿರು ಕಂದು ಕಡೆಗೆ ತಿರುಗುತ್ತದೆ, ಅದಕ್ಕೇ ಎಣ್ಣೆ, ಉಪ್ಪು ಮೊದಲೇ ಹಾಕಿದರೂ ನಿಂಬೆರಸ ಮಾತ್ರ ಬಡಿಸುವ ಹೊತ್ತಿಗೆ ಹಿಂಡಿ. ಈರುಳ್ಳಿಯನ್ನು ಬೇರೆ ಬಟ್ಟಲಲ್ಲಿ ನಿಂಬೆರಸದಲ್ಲಿ ನೆನೆಸಿಟ್ಟರೆ ಅದರ ಖಾರವೂ ಇಳಿಯುತ್ತದೆ.

ಉತ್ತರ 2:
ಬೇಯಿಸುವ ಕ್ರಮವೂ ಮುಖ್ಯ. ದೊಡ್ಡ ಪಾತ್ರೆಯಲ್ಲಿ ನೀರು ಚೆನ್ನಾಗಿ ಕುದಿಯಬೇಕು, ಉಪ್ಪು ಧಾರಾಳವಾಗಿರಲಿ, ಮುಚ್ಚಳ ಮುಚ್ಚಬೇಡಿ. ಎಳೆಯದಾದರೆ 4 ನಿಮಿಷ, ದಪ್ಪಗಿದ್ದರೆ 6, 7 ನಿಮಿಷ. ಗಡಿಯಾರ ನಂಬುವುದಕ್ಕಿಂತ ಒಂದು ಕಚ್ಚಿ ನೋಡಿ. ತಕ್ಷಣ ಐಸ್ ನೀರಿಗೆ ಹಾಕಿ, ಪೂರ್ತಿ ತಣ್ಣಗಾದ ಮೇಲೆ ತೆಗೆದು ಬಟ್ಟೆಯಲ್ಲಿ ಒರೆಸಿ. ನೀರು ನಿಲ್ಲುವುದು ಬಹುಶಃ ಒರೆಸದೇ ಇರುವುದಕ್ಕೆ. ಒದ್ದೆ ಬೀನ್ಸ್‌ಗೆ ಎಣ್ಣೆ ಹತ್ತುವುದೇ ಇಲ್ಲ ನೋಡಿ.

ಪ್ರಶ್ನೆ ಕೇಳಿದವರು:
ಬೇಯಿಸುವಾಗ ಚಿಟಿಕೆ ಅಡುಗೆ ಸೋಡಾ ಹಾಕಿದರೆ ಹಸಿರಾಗೇ ಇರುತ್ತೆ ಅಂತಾರಲ್ವಾ?

ಉತ್ತರ 2:
ಇರುತ್ತದೆ, ಆದರೆ ಮೆತ್ತಗಾಗುತ್ತದೆ. ಸಾಲಡ್‌ಗೆ ಕಟುಮ್ ಅನ್ನಬೇಕು, ಸುಮ್ನೆ ಯಾಕೆ?

ಉತ್ತರ 3:
ಫ್ರಿಜ್‌ನಿಂದ ತೆಗೆದ ತಕ್ಷಣ ಬಡಿಸಬೇಡಿ. ತೀರಾ ತಣ್ಣಗಿದ್ದರೆ ರುಚಿ ಗೊತ್ತಾಗಲ್ಲ, ಆಲಿವ್ ಎಣ್ಣೆಯಾದರೆ ಗಟ್ಟಿಯಾಗಿರುತ್ತದೆ. ಕಾಲು ಗಂಟೆ ಹೊರಗಿಡಿ. ಬೇಯಿಸಿದ ಮೊಟ್ಟೆ, ಆಲೂಗಡ್ಡೆ ಸೇರಿಸಿದರೆ ಅದೇ ಒಂದು ಊಟ. ಟೊಮೆಟೊ ಮಾತ್ರ ಕೊನೆಗೆ ಹಾಕಿ, ನೀರು ಬಿಡುತ್ತದೆ.