1960ರ ದಶಕದ ಮಹೀಂದ್ರ ಸಿಜೆ-3ಬಿ: ಮತ್ತೆ ತೋಟದ ಕೆಲಸಕ್ಕೆ ಇಳಿಸೋಕೆ ಎಲ್ಲಿಂದ ಶುರು ಮಾಡಬೇಕು?

ಮೂಡಿಗೆರೆ_ತೋಟ:
ನಮಸ್ಕಾರ. ಪೆಟ್ರೋಲ್ ಜೀಪು, ಎಫ್-ಹೆಡ್ ಹರಿಕೇನ್ ಎಂಜಿನ್, ಮೂರು ಗೇರು, 6 ವೋಲ್ಟ್ ವೈರಿಂಗ್. ವರ್ಷಗಟ್ಟಲೆ ಶೆಡ್ಡಿನಲ್ಲೇ ನಿಂತಿದೆ. ಚಾಸಿಸ್ ಗಟ್ಟಿಯಾಗಿದೆ. ಹ್ಯಾಂಡಲ್ ಹಾಕಿದರೆ ಎಂಜಿನ್ ತಿರುಗುತ್ತಿಲ್ಲ, ಬ್ರೇಕ್ ಪೆಡಲ್ ನೆಲಕ್ಕೇ ಹೋಗುತ್ತೆ. ಗೊಬ್ಬರ, ಕಾಫಿ ಮೂಟೆ ತುಂಬಿದ ಟ್ರೈಲರ್ ಎಳೆಯಬೇಕು, ಆಗಾಗ ಪೇಟೆಗೂ ಹೋಗಬೇಕು. ಡೀಸೆಲ್ ಎಂಜಿನ್ ಕೂರಿಸಿ ಅಂತ ಕೆಲವರು ಹೇಳ್ತಾರೆ. 12 ವೋಲ್ಟ್‌ಗೆ ಬದಲಾಯಿಸೋದು ಒಳ್ಳೆಯದಾ? ವಿಂಟೇಜ್ ನಂಬರ್ ತಗೊಳ್ಳಬಹುದಾ?

ಘಾಟಿ_ಗೇರು:
ಸರ್, ಮೊದಲು ಬ್ರೇಕು, ಆಮೇಲೆ ಸ್ಟೀರಿಂಗು, ಎಂಜಿನ್ ಕೊನೆಗೆ. ಗಾಡಿ ಸ್ಟಾರ್ಟ್ ಆದ ಮೇಲೆ ಯಾರಿಗೂ ಬ್ರೇಕ್ ಬಿಚ್ಚುವ ತಾಳ್ಮೆ ಇರಲ್ಲ.

ನಾಲ್ಕೂ ವೀಲ್ ಸಿಲಿಂಡರ್ (ಚಕ್ರದ ಒಳಗೆ ಬ್ರೇಕ್ ಒತ್ತುವ ಸಿಲಿಂಡರ್) ಬಿಚ್ಚಿ. ಒಳಗೆ ಉಗುರು ಆಡಿಸಿದಾಗ ಗುಳಿ ಸಿಕ್ಕಿದರೆ ಹೋನಿಂಗ್ (ಒಳಮೈ ಉಜ್ಜಿ ನಯ ಮಾಡೋದು) ಮಾಡಿಸಿ ಪ್ರಯೋಜನವಿಲ್ಲ, ಹೊಸ ಕಪ್ (ರಬ್ಬರ್ ಸೀಲ್) ಕೂಡ ಕೆಲವೇ ದಿನದಲ್ಲಿ ಸೋರುತ್ತೆ. ಸಿಲಿಂಡರನ್ನೇ ಬದಲಾಯಿಸಿ. ಹಳೇ ಸ್ಟೀಲ್ ಪೈಪು ಒಳಗಿನಿಂದ ತುಕ್ಕು ತಿಂದಿರುತ್ತೆ. 3/16 ಇಂಚಿನ ಹೊಸ ಪೈಪು ಎಳೆಸಿ, ತುದಿಗೆ ಡಬಲ್ ಫ್ಲೇರ್ ಇರಲಿ. ರಬ್ಬರ್ ಹೋಸ್ ಎಲ್ಲಾ ಹೊಸದು. ಏರ್ ತೆಗೆಯುವಾಗ ಮಾಸ್ಟರ್ ಸಿಲಿಂಡರಿಗೆ (ಪೆಡಲ್ ಒತ್ತಿದಾಗ ಬ್ರೇಕ್ ಎಣ್ಣೆ ತಳ್ಳುವ ಮುಖ್ಯ ಸಿಲಿಂಡರ್) ದೂರದ ಚಕ್ರದಿಂದ ಶುರು ಮಾಡಿ: ಹಿಂದಿನ ಎಡ, ಹಿಂದಿನ ಬಲ, ಮುಂದಿನ ಎಡ, ಮುಂದಿನ ಬಲ. ಪೆಡಲ್‌ನಲ್ಲಿ ಅರ್ಧ ಇಂಚು ಫ್ರೀ ಪ್ಲೇ ಇರಲೇಬೇಕು. ಇಲ್ಲದಿದ್ದರೆ ಎಣ್ಣೆ ಮಾಸ್ಟರ್‌ಗೆ ವಾಪಸ್ ಬರದೆ ಡ್ರಮ್ ಕಾದು ಬ್ರೇಕು ಹಿಡಿದುಕೊಳ್ಳುತ್ತೆ.

ದುಡ್ಡು ಹಾಕುವುದಾದರೆ ಎರಡು ಸರ್ಕ್ಯೂಟಿನ ಮಾಸ್ಟರ್ ಸಿಲಿಂಡರಿಗೆ ಹಾಕಿ. ಮೂಲ ವ್ಯವಸ್ಥೆಯಲ್ಲಿ ಒಂದು ಪೈಪು ಒಡೆದರೆ ನಾಲ್ಕು ಚಕ್ರದ ಬ್ರೇಕೂ ಹೋಯ್ತು. ಟ್ರೈಲರ್ ಹಿಂದೆ ಇದ್ದಾಗ ಇಳಿಜಾರಿನಲ್ಲಿ ಅದು ಪ್ರಾಣಕ್ಕೇ ಸಂಚಕಾರ. ಮಾಸ್ಟರ್ ಫ್ಲೋರ್ ಕೆಳಗೆ ಇರೋದರಿಂದ, ಡ್ರಮ್ ಉಳಿಸಿಕೊಂಡರೆ ಲೈನಿನಲ್ಲಿ 10 ಪಿಎಸ್‌ಐ ರೆಸಿಡ್ಯುಯಲ್ ವಾಲ್ವ್ (ಪೆಡಲ್ ಬಿಟ್ಟಾಗಲೂ ಲೈನಿನಲ್ಲಿ ಸ್ವಲ್ಪ ಒತ್ತಡ ಉಳಿಸುವ ವಾಲ್ವ್) ಬೇಕು. ಮುಂದೆ ಡಿಸ್ಕ್ ಹಾಕಿದರೆ ಆ ಲೈನಿಗೆ 2 ಪಿಎಸ್‌ಐ. ಡಿಸ್ಕ್ ಲೈನಿಗೆ 10ರದ್ದು ಹಾಕಿದರೆ ಪ್ಯಾಡ್ ಸದಾ ಉಜ್ಜುತ್ತಿರುತ್ತೆ.

ಸ್ಟೀರಿಂಗ್ ನಡುಗಿದರೆ ಡ್ಯಾಂಪರ್ ಹಾಕಿ ಮುಚ್ಚಬೇಡಿ. ಬೆಲ್ ಕ್ರ್ಯಾಂಕ್ ಬುಷ್, ಟೈ ರಾಡ್ ಎಂಡ್, ಕಿಂಗ್‌ಪಿನ್ (ಮುಂದಿನ ಚಕ್ರ ಪಕ್ಕಕ್ಕೆ ತಿರುಗುವ ಕೀಲು) ಬೇರಿಂಗ್ ನೋಡಿ. ಕಿಂಗ್‌ಪಿನ್ ಶಿಮ್ ಕೂರಿಸುವಾಗ ಆಯಿಲ್ ಸೀಲ್ ತೆಗೆದು, ಟೈ ರಾಡ್ ತೂತಿಗೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆಯಿರಿ, 5.5ರಿಂದ 7 ಕೆಜಿ ಒಳಗೆ ನಕಲ್ ತಿರುಗಬೇಕು. ಟೋ-ಇನ್ (ಮುಂದಿನ ಚಕ್ರಗಳು ಮುಂಭಾಗದಲ್ಲಿ ಒಳಕ್ಕೆ ತಿರುಗಿರುವ ಅಳತೆ) 1.2ರಿಂದ 2.4 ಮಿ.ಮೀ.

ಬೋರ್_ಪಿಸ್ಟನ್:
ಎಂಜಿನ್ ಬಗ್ಗೆ. ಹಿಡಿದುಕೊಂಡ ಎಂಜಿನ್ನನ್ನು ಗಾಡಿ ಕಟ್ಟಿ ಎಳೆದು ಬಿಡಿಸೋಕೆ ಹೋಗಬೇಡಿ. ಪ್ಲಗ್ ಬಿಚ್ಚಿ, ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಎಣ್ಣೆ) ಮತ್ತು ಡೀಸೆಲ್ ಸಮಸಮ ಬೆರೆಸಿ ಒಂದೊಂದು ಸಿಲಿಂಡರಿಗೆ 50 ಮಿ.ಲೀ. ಹಾಕಿ ಎರಡು ಮೂರು ದಿನ ಬಿಡಿ. ಆಮೇಲೆ ಹ್ಯಾಂಡಲ್‌ನಿಂದ ಹಿಂದೆ ಮುಂದೆ ಮೆಲ್ಲಗೆ ಅಲ್ಲಾಡಿಸಿ.

ಈ ಎಫ್-ಹೆಡ್ ಎಂಜಿನ್ನಿನಲ್ಲಿ ಇನ್‌ಟೇಕ್ ವಾಲ್ವ್ ಹೆಡ್ಡಿನಲ್ಲಿ, ಎಕ್ಸಾಸ್ಟ್ ವಾಲ್ವ್ ಬ್ಲಾಕಿನಲ್ಲಿ. ನಿಂತ ಗಾಡಿಯಲ್ಲಿ ಗೈಡ್ ಒಳಗೆ ಅಂಟಿಕೊಳ್ಳೋದು ಎಕ್ಸಾಸ್ಟೇ. ಬ್ಲಾಕಿನ ಪಕ್ಕದ ಟ್ಯಾಪೆಟ್ (ವಾಲ್ವನ್ನು ಎತ್ತುವ ಭಾಗ) ಕವರ್ ತೆಗೆದು ಎಂಜಿನ್ ತಿರುಗಿಸುತ್ತಾ ನೋಡಿ: ಟ್ಯಾಪೆಟ್ ಕೆಳಗಿಳಿದರೂ ವಾಲ್ವ್ ಮೇಲೇ ನಿಂತಿದ್ದರೆ ಹೆಡ್ ಬಿಚ್ಚಲೇಬೇಕು. ಒಂದು ಹೆಡ್ ಬೋಲ್ಟ್ ಕಾರ್ಬುರೇಟರ್ ಕೆಳಗೆ, ಇನ್‌ಟೇಕ್ ದಾರಿಯೊಳಗೇ ಇರುತ್ತೆ. ಅದನ್ನು ಮರೆತು ಮೀಟಿದರೆ ಹೆಡ್ ಸೀಳುತ್ತೆ. ವಾಪಸ್ ಕಟ್ಟುವಾಗ ಟಾರ್ಕ್ 60-70 ಪೌಂಡ್-ಅಡಿ. ವಾಲ್ವ್ ಕ್ಲಿಯರೆನ್ಸ್ (ಸಂದು) ತಣ್ಣಗಿದ್ದಾಗ ಇನ್‌ಟೇಕ್ 0.018, ಎಕ್ಸಾಸ್ಟ್ 0.016 ಇಂಚು. ಫೈರಿಂಗ್ ಆರ್ಡರ್ 1-3-4-2, ಡಿಸ್ಟ್ರಿಬ್ಯೂಟರ್ ಪಾಯಿಂಟ್ ಗ್ಯಾಪ್ 0.020 ಇಂಚು. ಸಂಪ್ (ಎಂಜಿನ್ ತಳದ ಆಯಿಲ್ ತೊಟ್ಟಿ) ಇಳಿಸಿ ತಳದ ಕೆಸರು ತೆಗೆಯದೆ ಸ್ಟಾರ್ಟ್ ಮಾಡಬೇಡಿ.

ಈಗಿನ ಇ20 (20% ಎಥನಾಲ್ ಬೆರೆತ) ಪೆಟ್ರೋಲಿಗೆ ಹಳೇ ಫ್ಯೂಯಲ್ ಪಂಪಿನ ಡಯಾಫ್ರಮ್ ತಡೆಯಲ್ಲ. ಎಥನಾಲ್ ತಾಳುವ ಡಯಾಫ್ರಮ್, ವೈಟಾನ್ ಹೋಸ್ ಹಾಕಿ. ಎಥನಾಲ್ ತೇವ ಎಳೆದುಕೊಳ್ಳೋದರಿಂದ ಮಳೆಗಾಲದಲ್ಲಿ ಟ್ಯಾಂಕ್ ಅರ್ಧ ಖಾಲಿ ಬಿಟ್ಟರೆ ಒಳಗೆ ತುಕ್ಕು ಖಾತ್ರಿ.

ಡೀಸೆಲ್ ಬೇಡ ಅಂತಲೇ ನನ್ನ ಅಭಿಪ್ರಾಯ. ಆಕ್ಸಲ್ ರೇಷಿಯೋ 5.38, ಟೈರ್ 6.00-16 ಇದ್ದರೆ ಟಾಪ್ ಗೇರಿನಲ್ಲಿ 60 ಕಿ.ಮೀ. ವೇಗಕ್ಕೆ ಎಂಜಿನ್ ಸುಮಾರು 2,400 ಆರ್‌ಪಿಎಂ, 80ಕ್ಕೆ 3,200. ಡೀಸೆಲ್ ಕೂರಿಸಿದರೂ ಈ ಲೆಕ್ಕ ಬದಲಾಗಲ್ಲ. ಜೊತೆಗೆ ಮೌಂಟಿಂಗ್, ರೇಡಿಯೇಟರ್, ಮುಂದಿನ ಸ್ಪ್ರಿಂಗ್ ಪಟ್ಟಿ ಎಲ್ಲಾ ಬದಲಾಗಬೇಕು, ಆರ್‌ಟಿಒ ಒಪ್ಪಿಗೆ ಪಡೆದು ಆರ್‌ಸಿಯಲ್ಲಿ ಬರೆಸಬೇಕು. ಟ್ರೈಲರ್ ಎಳೆಯೋಕೆ ಲೋ ರೇಂಜ್ (ನಿಧಾನ, ಹೆಚ್ಚು ಬಲದ ಗೇರು) ಇದೆಯಲ್ಲ, 2.2 ಲೀಟರಿನ ಈ ಲಾಂಗ್ ಸ್ಟ್ರೋಕ್ ಪೆಟ್ರೋಲೇ ಸಾಕು.

ವೈರಿಂಗ್_ಶೆಡ್:
12 ವೋಲ್ಟ್ ಮಾಡಿ, ಖಂಡಿತ. ಬಲ್ಬು, ಕಾಯಿಲ್, ಹಾರ್ನ್, ವೈಪರ್ ಮೋಟರ್ ಬದಲಾಗಬೇಕು. ಫ್ಯೂಯಲ್ ಗೇಜಿಗೆ ವೋಲ್ಟೇಜ್ ರೆಡ್ಯೂಸರ್. ಹಳೇ 6 ವೋಲ್ಟ್ ಸ್ಟಾರ್ಟರ್ 12ರಲ್ಲೂ ತಿರುಗುತ್ತೆ, ಆದರೆ ಬೆಂಡಿಕ್ಸ್ (ಸ್ಟಾರ್ಟರಿನ ಹಲ್ಲುಗಾಲಿ) ಜೋರಾಗಿ ಬಡಿದು ರಿಂಗ್ ಗೇರಿನ ಹಲ್ಲು ಹೋಗುತ್ತೆ, ಹಾಗಾಗಿ 12ರ ಸ್ಟಾರ್ಟರನ್ನೇ ಹಾಕಿ. ಡೈನಮೋ ಜಾಗಕ್ಕೆ 35 ಆಂಪಿಯರ್ ಆಲ್ಟರ್ನೇಟರ್ ಸಾಕು. ಬಟ್ಟೆ ಸುತ್ತಿದ ವೈರು ಒಂದನ್ನೂ ಉಳಿಸಬೇಡಿ.

ಸೆಲ್ಫ್ ಹೊಡೆಯುವಾಗ ಮಲ್ಟಿಮೀಟರನ್ನು ಬ್ಯಾಟರಿ ಮೈನಸ್‌ಗೂ ಎಂಜಿನ್ ಬ್ಲಾಕಿಗೂ ಇಡಿ. 0.3 ವೋಲ್ಟ್‌ಗಿಂತ ಜಾಸ್ತಿ ತೋರಿಸಿದರೆ ಅರ್ಥಿಂಗ್ ಸರಿ ಇಲ್ಲ ಅಂತ ಲೆಕ್ಕ.

ವಿಂಟೇಜ್ ನಂಬರ್ ಬೇಡ. 2021ರ ನಿಯಮದ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲಿರುವ ಗಾಡಿಯನ್ನು ವಿಂಟೇಜ್ ಅಂತ ನೋಂದಾಯಿಸಬಹುದು, ಹೊಸ ನೋಂದಣಿಯಾದರೆ ‘ವಿಎ’ ಅಕ್ಷರದ ನಂಬರ್ ಸಿಗುತ್ತೆ, ಶುಲ್ಕ ₹20,000. ಆದರೆ ಆಮೇಲೆ ದಿನನಿತ್ಯ ಓಡಿಸುವ ಹಾಗಿಲ್ಲ. ಪ್ರದರ್ಶನ, ರ್‍ಯಾಲಿ, ರಿಪೇರಿ ಇಂಥದ್ದಕ್ಕೆ ಮಾತ್ರ ರಸ್ತೆಗೆ ತರಬಹುದು. ನಿಮ್ಮದು ಕೆಲಸದ ಗಾಡಿ, ಮಾಮೂಲಿ ಆರ್‌ಸಿಯನ್ನೇ ರಿನ್ಯೂ ಮಾಡಿಸಿ.

ಮೂಡಿಗೆರೆ_ತೋಟ:
ತುಂಬಾ ಉಪಕಾರ ಆಯ್ತು. ಗೇರ್‌ಬಾಕ್ಸಿಗೆ ಯಾವ ಆಯಿಲ್?

ಘಾಟಿ_ಗೇರು:
ಎಸ್‌ಎಇ 90, ಜಿಎಲ್-4 ಅಂತ ಡಬ್ಬಿ ಮೇಲೆ ಬರೆದಿರಬೇಕು. ಜಿಎಲ್-5 ಮಾತ್ರ ಇರೋದು ಸಿಂಕ್ರೊ ರಿಂಗಿನ (ಗೇರು ಸಲೀಸಾಗಿ ಬೀಳಿಸುವ ಉಂಗುರ) ಹಿತ್ತಾಳೆಗೆ ಆಗಿಬರಲ್ಲ. ಗೇರ್‌ಬಾಕ್ಸು, ಟ್ರಾನ್ಸ್‌ಫರ್ ಕೇಸು (ಮುಂದಿನ, ಹಿಂದಿನ ಆಕ್ಸಲ್‌ಗೆ ಬಲ ಹಂಚುವ ಪೆಟ್ಟಿಗೆ) ಎರಡರ ಪ್ಲಗ್ಗನ್ನೂ ಬೇರೆ ಬೇರೆ ತೆಗೆದು ಮಟ್ಟ ನೋಡಿ. ಮಧ್ಯದ ಸೀಲ್ ಹೋಗಿದ್ದರೆ ಒಂದರ ಎಣ್ಣೆ ಇನ್ನೊಂದಕ್ಕೆ ಇಳಿದುಹೋಗಿರುತ್ತೆ.