ಸಮುದಾಯದ ಕಟ್ಟಳೆ ಹಕ್ಕಿಗೆ ಅಡ್ಡ ಬಂದರೆ ಕೋರ್ಟು ಏನು ನೋಡುತ್ತದೆ?

ಬೇಲಿಯಾಚೆ:
ಆದಿವಾಸಿಗಳಿಗೆ ತಮ್ಮ ಕಟ್ಟಳೆ ಉಳಿಸಿಕೊಳ್ಳುವ ಹಕ್ಕಿದೆ ಅನ್ನುತ್ತದೆ 1989ರ ಐಎಲ್‌ಒ (ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ) 169ನೇ ಒಪ್ಪಂದ. ಅದರ 8ನೇ ವಿಧಿಯೇ, ಮೂಲಭೂತ ಹಕ್ಕಿಗೆ ಹೊಂದದ ಕಟ್ಟಳೆಗೆ ಈ ರಕ್ಷಣೆಯಿಲ್ಲ ಅಂತಲೂ ಹೇಳುತ್ತದೆ. ಹೆಣ್ಣಿಗೆ ಆಸ್ತಿಯಿಲ್ಲ ಎನ್ನುವಂಥ ರೂಢಿ ಎದುರಾದರೆ ಕೋರ್ಟು ಅದನ್ನು ರದ್ದು ಮಾಡುತ್ತದೆಯೋ, ತಿದ್ದುತ್ತದೆಯೋ?

ಕಡತ ಓದುಗ:
ಎರಡೂ ಉಂಟು. ದಕ್ಷಿಣ ಆಫ್ರಿಕಾದ ಎರಡು ತೀರ್ಪುಗಳನ್ನು ಒಟ್ಟಿಗೆ ಓದಿ. 2004ರ ಭೆ ಪ್ರಕರಣದಲ್ಲಿ ತಂದೆ ತೀರಿಕೊಂಡ ಮೇಲೆ ಇಬ್ಬರು ಹೆಣ್ಣುಮಕ್ಕಳನ್ನು ಬಿಟ್ಟು ಅಜ್ಜನೇ ವಾರಸುದಾರನಾಗಿ ನಿಂತ. ಗಂಡಿಗೇ ಉತ್ತರಾಧಿಕಾರ ಎಂಬ ನಿಯಮವನ್ನು ಸಂವಿಧಾನ ನ್ಯಾಯಾಲಯ ರದ್ದು ಮಾಡಿತು. ನಿಯಮವನ್ನು ತಿದ್ದಿದರೆ ಸಾಕಿತ್ತು ಎಂದು ಒಬ್ಬ ನ್ಯಾಯಮೂರ್ತಿ ಭಿನ್ನಮತ ಬರೆದರು. ಒಂದೊಂದೇ ಪ್ರಕರಣದಲ್ಲಿ ತಿದ್ದುತ್ತ ಕೂತರೆ ತೀರಾ ನಿಧಾನ ಎಂದು ಉಳಿದವರು ಒಪ್ಪಲಿಲ್ಲ.

2008ರ ಶಿಲುಬಾನಾ ಪ್ರಕರಣದ ದಾರಿ ಬೇರೆ. ವಲೋಯಿ ಸಮುದಾಯವೇ ಹಿಂದಿನ ಮುಖ್ಯಸ್ಥನ ಮಗಳಿಗೆ ಪಟ್ಟ ಕೊಡಲು ತೀರ್ಮಾನಿಸಿತ್ತು. ಎದುರಾಳಿ ಹಳೇ ರೂಢಿ ಹಿಡಿದು ಬಂದ, ಕೆಳಗಿನ ಎರಡೂ ಕೋರ್ಟುಗಳಲ್ಲಿ ಗೆದ್ದ. ಕಟ್ಟಳೆ ಬದಲಿಸುವ ಅಧಿಕಾರ ಸಮುದಾಯಕ್ಕಿದೆ ಎಂದು ಸಂವಿಧಾನ ನ್ಯಾಯಾಲಯ ಅದನ್ನು ತಿರುವಿಹಾಕಿತು.

ಸಾಕ್ಷಿಕಟ್ಟೆ:
ಅದಕ್ಕೂ ಮೊದಲಿನ ಪ್ರಶ್ನೆ: ಆ ರೂಢಿ ನಿಜವಾಗಿ ಇದೆಯೇ? ಕೇಸು ಎಡವುವುದು ಇಲ್ಲೇ. ವಸಾಹತು ಕಾಲದ ಅಧಿಕಾರಿ ಬರೆದಿಟ್ಟ ಪುಸ್ತಕವನ್ನು ತಂದು ಇದೇ ಪದ್ಧತಿ ಅನ್ನುತ್ತಾರೆ. ಆತ ವಿಚಾರಿಸಿದ್ದು ಹೆಚ್ಚಾಗಿ ಗಂಡಸರಾದ ಮುಖಂಡರನ್ನು! ಕೇಳಬೇಕಾದ್ದು ಇತ್ತೀಚಿನ ನಡವಳಿಕೆ. ಯಾರು ಸತ್ತಾಗ ಯಾರಿಗೆ ಜಮೀನು ಹೋಯಿತು, ಖಾತೆ ಯಾರ ಹೆಸರಿಗಾಯಿತು, ಮಗಳಿಗೆ ಪಾಲು ಕೊಟ್ಟ ಮನೆಗಳಿವೆಯೇ, ಕೊಟ್ಟವರಿಗೆ ಬಹಿಷ್ಕಾರ ಹಾಕಿದರೇ? ಆ ಸಮುದಾಯದ ಹೆಂಗಸರ ಸಾಕ್ಷ್ಯವಿಲ್ಲದೆ ಈ ಚಿತ್ರ ಪೂರ್ತಿಯಾಗದು.

ಪುರಾವೆಯ ಹೊರೆ ಯಾರ ಮೇಲೆ ಅನ್ನುವುದೂ ನಿರ್ಣಾಯಕ. ಗೊಂಡ ಸಮುದಾಯದ ಹೆಣ್ಣುಮಗಳೊಬ್ಬಳ ವಾರಸುದಾರರ ಪ್ರಕರಣದಲ್ಲಿ 2025ರ ಜುಲೈಯಲ್ಲಿ ಭಾರತದ ಸುಪ್ರೀಂ ಕೋರ್ಟು ಹಿಡಿದದ್ದು ಇದನ್ನೇ. ಹೆಣ್ಣಿಗೆ ಪಾಲಿಲ್ಲ ಎಂದು ಕೆಳಗಿನ ಕೋರ್ಟುಗಳು ಮೊದಲೇ ಊಹಿಸಿಕೊಂಡಿದ್ದವು. ಹಾಗೊಂದು ನಿಷೇಧ ಇದೆ ಎಂದು ಯಾರೂ ಸಾಬೀತು ಮಾಡಿರಲಿಲ್ಲ. ಪಾಲು ಸಿಕ್ಕಿತು.

ಗಡಿರೇಖೆ:
ಎಲ್ಲ ಕಡೆ ಇದೇ ಅಳತೆಯಲ್ಲ. ಕೊಲಂಬಿಯಾದ ಸಂವಿಧಾನ ನ್ಯಾಯಾಲಯ 1996ರಲ್ಲಿ ಆದಿವಾಸಿ ನ್ಯಾಯವ್ಯವಸ್ಥೆಗೆ ಕೆಲವೇ ಗೆರೆ ಹಾಕಿತು: ಜೀವ ತೆಗೆಯಬಾರದು, ಚಿತ್ರಹಿಂಸೆ, ಗುಲಾಮಗಿರಿ ಕೂಡದು, ತಪ್ಪೂ ಶಿಕ್ಷೆಯೂ ಸಮುದಾಯಕ್ಕೆ ಮೊದಲೇ ಗೊತ್ತಿರುವಂಥದ್ದಾಗಿರಬೇಕು. ಮರುವರ್ಷ ಪಾಯೆಸ್ ಸಮುದಾಯ ವಿಧಿಸಿದ್ದ 60 ಚಾಟಿ ಏಟು ಚಿತ್ರಹಿಂಸೆಯಲ್ಲ, ಶುದ್ಧೀಕರಣದ ವಿಧಿ ಎಂದು ಒಪ್ಪಿತು. ಈ ತರ್ಕ ನನಗೆ ಒಪ್ಪಿಗೆಯಿಲ್ಲ. ಏಟು ತಿನ್ನಬೇಕಿದ್ದವನೇ ಬೇಡವೆಂದು ಕೋರ್ಟಿಗೆ ಬಂದಿದ್ದ.